ಕಾರು ಯಾರದು, ಧೂಳು ಯಾರದು?

ಹಳೇ ಕಾರೊಂದು ಬೀದಿಗೆ ಬಂದರೆ ಜನ ನಿಲ್ಲುತ್ತಾರೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಉಬ್ಬಿದ ಮಡ್‌ಗಾರ್ಡಿನ, ಅಗಲ ಫುಟ್‌ಬೋರ್ಡಿನ ಒಂದು ವಿಂಟೇಜ್ ಕಾರು ಹಾದುಹೋದರೆ ಸಾಕು, ಬಸ್ಸಿಗೆ ಓಡುತ್ತಿದ್ದವರೂ ಓಟ ನಿಲ್ಲಿಸಿ ನೋಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆಗಳು ಮೂರೇ. ಯಾರದ್ದು ಮಾರಾಯ್ರೆ? ಯಾವ ಇಸವಿಯದ್ದು? ಈಗ ಎಷ್ಟು ಬೆಲೆ ಬಾಳ್ತದೆ?

ಈ ಮೂರೂ ಯಜಮಾನಿಕೆಯ ಪ್ರಶ್ನೆಗಳು. ಯಾರೂ ಕೇಳದ ನಾಲ್ಕನೆಯ ಪ್ರಶ್ನೆ ಒಂದು ಉಂಟು. ಇದನ್ನು ಇಷ್ಟು ವರ್ಷ ತೊಳೆದವರು ಯಾರು? ಚಳಿಯ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ಎಂಜಿನ್ನಿಗೆ ಜೀವ ಕೊಟ್ಟವರು ಯಾರು? ತುಕ್ಕು ಹಿಡಿದ ತಗಡನ್ನು ಸುತ್ತಿಗೆಯಲ್ಲಿ ಬಡಿದು ಮತ್ತೆ ನುಣುಪು ಮಾಡಿದವರು ಯಾರು? ಇದು ಚಿಲ್ಲರೆ ಪ್ರಶ್ನೆ ಅಂತ ಕೆಲವರಿಗೆ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಒಂದು ವಸ್ತು ‘ಇಂಥವರದು’ ಎಂದು ಹೇಳುವಾಗ ನಾವು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಕೊಟ್ಟ ಹಣವನ್ನೋ, ಸವೆದ ಕೈಯನ್ನೋ? ಈ ದೇಶದ ನೀತಿಶಾಸ್ತ್ರವೆಲ್ಲ ಈ ಒಂದು ಪ್ರಶ್ನೆಯ ಮುಂದೆ ಬಾಯಿ ಮುಚ್ಚಿ ಕೂತಿದೆ.

ಒಂದು ಕಾರನ್ನೇ ಎದುರಿಗೆ ಇಟ್ಟುಕೊಂಡು ಮಾತಾಡೋಣ. ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿಯ ದಾರಿ ಹಿಡಿದು ಸುಮಾರು 75 ಕಿಲೋಮೀಟರು ಹೋದರೆ ಧರ್ಮಸ್ಥಳ. ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳ ಸಂಗ್ರಹ ದೊಡ್ಡದು. ಅದರಲ್ಲಿ ಹೆಚ್ಚು ಹೆಸರಾದದ್ದು ಒಂದು ಸ್ಟುಡೆಬೇಕರ್ ಪ್ರೆಸಿಡೆಂಟ್. ಗಾಂಧಿ ಈ ಕಡೆಯ ಪ್ರವಾಸದಲ್ಲಿ ಬಳಸಿದ ಕಾರು ಎಂದು ಅದರ ಖ್ಯಾತಿ. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಮೇಷ್ಟ್ರು ಹೇಳುತ್ತಾರೆ: ನೋಡಿ ಮಕ್ಕಳೆ, ಇದರಲ್ಲಿ ಗಾಂಧಿ ಕೂತಿದ್ದರು. ಮಕ್ಕಳು ಖಾಲಿ ಸೀಟನ್ನು ನೋಡುತ್ತಾರೆ. ಮುಂದಿನ ಸೀಟಿನಲ್ಲಿ ಕೂತು ಓಡಿಸಿದವನ ಮಾತು ಅಲ್ಲಿಗೆ ಬರುವುದೇ ಇಲ್ಲ.

ಈ ಕಾರನ್ನು ಮಾಡಿದ ಕಂಪೆನಿಯ ಚರಿತ್ರೆ ಸ್ವಾರಸ್ಯವಾಗಿದೆ. ಸ್ಟುಡೆಬೇಕರ್ ಎಂಬುದು ಅಮೆರಿಕಾದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಅಣ್ಣತಮ್ಮಂದಿರು 1852ರಲ್ಲಿ ಶುರುಮಾಡಿದ ಕಮ್ಮಾರಸಾಲೆ. ಮೊದಲು ಕುದುರೆ ಗಾಡಿ ಮಾಡಿದರು, ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಗಾಡಿ ಕೊಟ್ಟರು. ಇಪ್ಪತ್ತನೆಯ ಶತಮಾನ ಕಾಲಿಟ್ಟಾಗ ಕಾರಿಗೆ ಕೈ ಹಾಕಿದರು. ಪ್ರೆಸಿಡೆಂಟ್ ಅವರ ದುಬಾರಿ ಮಾದರಿ. 1928ರಿಂದ ಅದಕ್ಕೆ ಸಾಲಾಗಿ ಎಂಟು ಸಿಲಿಂಡರಿನ ಎಂಜಿನ್ ಬಂತು. ಸೌತ್ ಬೆಂಡಿನ ಕಾರ್ಖಾನೆ 1963ರ ಡಿಸೆಂಬರಿನಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಕೆನಡಾದಲ್ಲಿ ಉಳಿದಿದ್ದ ಕೆಲಸವೂ 1966ರ ಮಾರ್ಚಿಗೆ ಮುಗಿಯಿತು. ಅಲ್ಲಿಗೆ ಆ ವಂಶ ನಿರ್ವಂಶ.

ಕಂಪೆನಿ ಸತ್ತ ಮೇಲೆ ಕಾರು ಹೇಗೆ ಬದುಕುತ್ತದೆ? ಇದು ಭಾವುಕ ಪ್ರಶ್ನೆಯಲ್ಲ, ಗ್ಯಾರೇಜಿನ ಪ್ರಶ್ನೆ. ಪಿಸ್ಟನ್ ರಿಂಗ್ ಬೇಕಾದರೆ ಪೇಟೆಯ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಗೇರಿನ ಹಲ್ಲು ಮುರಿದರೆ ಅಮೆರಿಕಾಕ್ಕೆ ಕಾಗದ ಬರೆದು ಕಾಯಬೇಕು, ಇಲ್ಲವೆ ಇಲ್ಲೇ ಒಬ್ಬ ಲೇತಿನವನನ್ನು ಹುಡುಕಬೇಕು. ಅವನು ಮುರಿದ ತುಂಡನ್ನು ಬೆರಳಲ್ಲಿ ತಿರುವಿ ನೋಡಿ, ಅಳತೆ ತೆಗೆದು, ಕಬ್ಬಿಣದ ಗಟ್ಟಿಯಿಂದ ಹೊಸದನ್ನು ಕಡೆದು ತೆಗೆಯುತ್ತಾನೆ. ಟಿಂಕರ್ ಮರದ ಕೊಡತಿಯಲ್ಲಿ ತಗಡು ಬಡಿದು ಮಡ್‌ಗಾರ್ಡಿನ ಬಾಗು ತರುತ್ತಾನೆ. ಬಡಗಿ ಬಾಡಿಯ ಒಳಗಿನ ಮರದ ಚೌಕಟ್ಟಿಗೆ ಗೆದ್ದಲು ಹತ್ತಿದ ಕಡೆ ಹೊಸ ತುಂಡು ಕೂರಿಸುತ್ತಾನೆ. ಕುಶನ್ ಕೆಲಸದವನು ಚರ್ಮ ಎಳೆದು ಹೊಲಿಯುತ್ತಾನೆ. ಕಮ್ಮಾರಸಾಲೆಯಲ್ಲಿ ಹುಟ್ಟಿದ್ದು ಕೊನೆಗೆ ಮತ್ತೆ ಕಮ್ಮಾರನ ಕೈಗೇ ಬಂತು. ದೊಡ್ಡ ಬಂಡವಾಳ ಕೈಬಿಟ್ಟದ್ದನ್ನು ಸಣ್ಣ ಕೈಗಳು ಎತ್ತಿಕೊಂಡವು. ವಿಂಟೇಜ್ ಕಾರು ಎಂದು ನಾವು ಕರೆಯುವ ಪ್ರತಿಯೊಂದರ ಹಿಂದಿರುವ ಸತ್ಯ ಇದು.

ಇಲ್ಲಿ ಪಂಡಿತರ ಪ್ರಶ್ನೆಯೊಂದು ಏಳುತ್ತದೆ. ರಿಂಗ್ ಹೊಸದು, ಮರ ಹೊಸದು, ಚರ್ಮ ಹೊಸದು, ಬಣ್ಣ ಹೊಸದು. ಹಾಗಿದ್ದ ಮೇಲೆ ಇದು ಅದೇ ಕಾರೇ? ಪಶ್ಚಿಮದವರು ಹಲಗೆಗಳನ್ನೆಲ್ಲ ಬದಲಾಯಿಸಿದ ಹಡಗಿನ ಉದಾಹರಣೆ ಕೊಡುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೌದ್ಧರ ಮಿಲಿಂದ ಪ್ರಶ್ನೆಯಲ್ಲಿ ಭಿಕ್ಷು ನಾಗಸೇನ ಇದನ್ನೇ ದೊರೆ ಮಿಲಿಂದನಿಗೆ ಕೇಳುತ್ತಾನೆ. ರಥದಲ್ಲಿ ಬಂದೆ ಅನ್ನುತ್ತೀಯಲ್ಲ ದೊರೆ, ಚಕ್ರ ರಥವೋ? ಅಚ್ಚು ರಥವೋ? ನೊಗ ರಥವೋ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ಜನ ಇಟ್ಟುಕೊಂಡ ಒಂದು ಹೆಸರು, ಅಷ್ಟೆ. ಬಾಬಾಸಾಹೇಬರು ಔರಂಗಾಬಾದಿನಲ್ಲಿ 1950ರಲ್ಲಿ ತೆರೆದ ಕಾಲೇಜಿಗೆ ಈ ದೊರೆಯ ಹೆಸರು ಬಂದದ್ದು ಸುಮ್ಮನೆ ಅಲ್ಲ. ದೊರೆಯಾಗಿದ್ದೂ ಪ್ರಶ್ನೆ ಕೇಳುತ್ತ ಹೋದವನು ಅವನು.

ಆ ಪ್ರಶ್ನೆಯನ್ನು ನಾವು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಬಿಡಿಭಾಗಗಳೆಲ್ಲ ಬದಲಾದರೂ ರಥ ರಥವಾಗಿ ಉಳಿಯುವುದು ಯಾತರಿಂದ? ತಾನಾಗಿ ಯಾವ ಚಕ್ರವೂ ಅಚ್ಚಿಗೆ ಬಂದು ಕೂರುವುದಿಲ್ಲ. ಕೂರಿಸುವ ಕೈ ಬೇಕು. ಆ ಕೈಯ ಕಸುಬು ಅಪ್ಪನಿಂದ ಮಗನಿಗೆ, ಉಸ್ತಾದನಿಂದ ಹುಡುಗನಿಗೆ ದಾಟಿ ಬಂದದ್ದು. ಅಂದರೆ ಕಾರಿನಲ್ಲಿ ನಿಜಕ್ಕೂ ಮುರಿಯದೆ ಉಳಿದದ್ದು ದುಡಿಮೆಯೊಂದೇ. ಯಜಮಾನರು ಬದಲಾಗುತ್ತಾರೆ, ಬಿಡಿಭಾಗಗಳು ಬದಲಾಗುತ್ತವೆ. ಆದರೂ ಕಾರಿನ ಚರಿತ್ರೆ ಬರೆಯುವಾಗ ಯಜಮಾನರ ಪಟ್ಟಿ ಬರೆಯುತ್ತಾರೆ. ಮೊದಲು ಇಂಥ ದೊರೆ, ಆಮೇಲೆ ಇಂಥ ಪ್ಲಾಂಟರು, ಆಮೇಲೆ ಇಂಥ ಸಾಹುಕಾರ. ಉಳಿಸಿದವರ ಪಟ್ಟಿಗೆ ಕಾಗದ ಸಾಲುವುದಿಲ್ಲವೋ, ಮನಸ್ಸು ಸಾಲುವುದಿಲ್ಲವೋ?

ನಮ್ಮ ಜಿಲ್ಲೆಗೆ ‘ಜೀರ್ಣೋದ್ಧಾರ’ ಬಹಳ ಪರಿಚಿತವಾದ ಮಾತು. ಊರೂರಿನಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಬ್ರಹ್ಮಕಲಶದ ಬ್ಯಾನರು. ಕೆಲಸ ಮುಗಿದ ಮೇಲೆ ಗೋಡೆಗೆ ಒಂದು ಕಲ್ಲು. ಕಲ್ಲಿನ ಮೇಲೆ ದಾನಿಗಳ ಹೆಸರು, ಹೆಸರಿನ ಮುಂದೆ ರೂಪಾಯಿ. ಮುರಕಲ್ಲು ಕಡಿದವನ ಹೆಸರು ಆ ಕಲ್ಲಿನ ಮೇಲೆ ಇರುವುದಿಲ್ಲ. ಹಳೇ ಕಾರಿನ ಜೀರ್ಣೋದ್ಧಾರವೂ ಹೀಗೇ. ‘ಇಂಥವರು ಈ ಕಾರನ್ನು ಪುನರುಜ್ಜೀವನಗೊಳಿಸಿದರು’ ಅಂತ ಬರೆಯುತ್ತಾರೆ. ಅವರು ಮಾಡಿದ್ದು ಹಣ ಕೊಟ್ಟದ್ದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹಣವೂ ಆಸ್ಥೆಯೂ ಇಲ್ಲದಿದ್ದರೆ ಇಂಥ ಕಾರು ಗುಜರಿಗೆ ಹೋಗಿ ಕರಗಿ ಹೋಗುತ್ತಿತ್ತು. ಉಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಕೊಟ್ಟವನ ಹೆಸರು ಉಳಿದು ಮಾಡಿದವನ ಹೆಸರು ಅಳಿಯುವುದು ಯಾವ ನ್ಯಾಯ?

ಇನ್ನು ‘ಮೂಲ’ ಎಂಬ ಮಾತು. ಹಳೇ ಕಾರಿನ ಭಕ್ತರಿಗೆ ಮೂಲವೇ ದೇವರು. ಮೂಲ ಬಣ್ಣ, ಮೂಲ ದೀಪ, ಮೂಲ ಚರ್ಮ. ಸರ್ಕಾರವೂ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಕ್ಕೆ ವಿಂಟೇಜ್ ಎಂಬ ಪದವಿ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಇಂಥ ಕಾರು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಸಂಶೋಧನೆ ಇಷ್ಟಕ್ಕೇ ರಸ್ತೆಗೆ ಇಳಿಯಬೇಕು. ಯಂತ್ರಕ್ಕೆ ಐವತ್ತು ದಾಟಿದರೆ ದುಡಿಮೆಯಿಂದ ಬಿಡುಗಡೆ, ಮೇಲೆ ಮರ್ಯಾದೆ. ಅದನ್ನು ಒರೆಸುವ ಮುದುಕನಿಗೆ ಅರವತ್ತು ದಾಟಿದರೂ ಬೆಳಿಗ್ಗೆ ಬಕೆಟ್ಟು ಹಿಡಿಯುವುದು ತಪ್ಪುವುದಿಲ್ಲ.

ಈ ಜಿಲ್ಲೆಯಲ್ಲಿ ‘ಮೂಲ’ಕ್ಕೆ ಬೇರೊಂದು ಅರ್ಥವೂ ಇತ್ತು. ಮೂಲದಾಳು ಅಂದರೆ ಭೂಮಿಯ ಜೊತೆಗೆ ಅಂಟಿಕೊಂಡ ಆಳು, ಭೂಮಿಯ ಧಣಿಗೆ ವಂಶಪಾರಂಪರ್ಯವಾಗಿ ಸೇರಿದವನು. ಆದ್ದರಿಂದ ಯಾರಾದರೂ ‘ಮೂಲ ಸ್ಥಿತಿಗೆ ತರೋಣ’ ಎಂದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಯಾವ ಮೂಲ? ಕೆಲವು ಹಳೇ ಲಿಮೋಸಿನ್‌ಗಳಲ್ಲಿ ಡ್ರೈವರಿಗೂ ಹಿಂದೆ ಕೂತವರಿಗೂ ನಡುವೆ ಗಾಜಿನ ಗೋಡೆ ಇತ್ತು. ಇನ್ನು ಕೆಲವದರಲ್ಲಿ ಹಿಂದೆ ಕೂತವರಿಗೆ ಸೂರು, ಓಡಿಸುವವನಿಗೆ ಬಯಲು. ಮಳೆ ಬಂದರೆ ಅವನು ನೆನೆಯಬೇಕು. ಅದೂ ಮೂಲವೇ. ತಗಡಿನ ಮೂಲವನ್ನು ತನ್ನಿ, ನಮ್ಮ ತಕರಾರಿಲ್ಲ. ಕೂರುವ ಕ್ರಮದ ಮೂಲವನ್ನು ಮಾತ್ರ ತರಬೇಡಿ.

ಆ ಸೀಟಿನ ಚರ್ಮವನ್ನೇ ನೋಡಿ. ಸತ್ತ ದನವನ್ನು ಹೊತ್ತವರು ಯಾರು, ಸುಲಿದವರು ಯಾರು, ಸುಣ್ಣದ ನೀರಿನಲ್ಲಿ ಕೈ ಸುಟ್ಟುಕೊಂಡು ಹದ ಮಾಡಿದವರು ಯಾರು? ಈ ನಾಡಿನಲ್ಲಿ ಆ ಕೆಲಸ ಯಾರ ಪಾಲಿಗೆ ಬಂತೆಂದು ಎಲ್ಲರಿಗೂ ಗೊತ್ತು. ಚರ್ಮದ ಸೀಟಿನ ಮೇಲೆ ಮಡಿವಂತರು ಆರಾಮಾಗಿ ಕೂತರು. ಹದ ಮಾಡಿದವನ ನೆರಳು ಬಿದ್ದರೆ ಮಾತ್ರ ಮೈಲಿಗೆ. ವಸ್ತು ಮನೆಯೊಳಗೆ, ಮಾಡಿದವನು ಹೊರಗೆ! ಈ ವ್ಯವಸ್ಥೆಯ ಹುನ್ನಾರ ಕಾರಿನ ಬಾಗಿಲು ತೆಗೆದರೆ ಕಾಣಿಸುತ್ತದೆ.

ರೋಲ್ಸ್ ರಾಯ್ಸ್ ಕಾರಿನ ಕತೆಯೊಂದನ್ನು ಓದುಗರು ಕೇಳಿರಬಹುದು. ಲಂಡನ್ನಿನ ಅಂಗಡಿಯಲ್ಲಿ ಅವಮಾನವಾದ ದೇಶೀ ದೊರೆಯೊಬ್ಬ ಕಾರುಗಳನ್ನು ಕೊಂಡು ತಂದು ಊರಿನ ಕಸ ಎತ್ತಲು ಬಿಟ್ಟನಂತೆ. ಅಲ್ವಾರ್ ದೊರೆ ಅನ್ನುವವರಿದ್ದಾರೆ, ಬೇರೆ ದೊರೆಗಳ ಹೆಸರು ಹೇಳುವವರೂ ಇದ್ದಾರೆ. ನಂಬುವಂಥ ದಾಖಲೆ ಇಲ್ಲದ ಕತೆ. ಆದರೂ ಊರೆಲ್ಲ ಚಪ್ಪಾಳೆ ತಟ್ಟಿ ಹೇಳುತ್ತಾರೆ, ಬಿಳಿಯರಿಗೆ ಹೇಗೆ ಬುದ್ಧಿ ಕಲಿಸಿದ ನೋಡಿ ಎಂದು. ಕತೆಯ ಒಳಗೆ ಇರುವುದೇನು? ಕಸ ಗುಡಿಸುವವರ ಕೈ ತಾಗಿದರೆ ಕಾರಿನ ಮಾನ ಹೋಗುತ್ತದೆ ಎಂಬ ನಂಬಿಕೆ. ಆ ನಂಬಿಕೆ ಇಲ್ಲದಿದ್ದರೆ ಕತೆಗೆ ನಗುವೇ ಇಲ್ಲ. ಪರದೇಶದ ದೊರೆಯ ಸೊಕ್ಕು ಮುರಿಯಲು ಸ್ವದೇಶದ ಅಸ್ಪೃಶ್ಯತೆಯೇ ಆಯುಧ. ಈ ಕತೆ ಕೇಳಿ ನಕ್ಕ ಮೇಲಾದರೂ ಯಾರನ್ನು ಕಂಡು ನಕ್ಕೆವು ಅಂತ ಯೋಚಿಸಬೇಡವೆ?

ಇನ್ನು ಹಕ್ಕಿನ ಪ್ರಶ್ನೆಗೆ ಬರೋಣ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ತಂದಾಗ ದಕ್ಷಿಣ ಕನ್ನಡ ಅಲುಗಾಡಿತು. ಉಳುವವನೇ ಹೊಲದೊಡೆಯ ಎಂಬ ಮಾತು ಗೋಡೆ ಬರಹದಿಂದ ಇಳಿದು ಭೂನ್ಯಾಯ ಮಂಡಳಿಯ ಮೇಜಿನ ಮೇಲೆ ಬಂತು. ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಭೂಮಿ ಪಡೆದರು. ಅದು ಸಣ್ಣ ಗೆಲುವಲ್ಲ. ದಸ್ತಾವೇಜಿಗಿಂತ ದುಡಿಮೆ ದೊಡ್ಡದು ಎಂಬ ತತ್ವವನ್ನು ಕಾನೂನು ಒಪ್ಪಿದ ಗಳಿಗೆ ಅದು. ಆದರೆ ಆ ಗೆಲುವು ಯಾರ ಮನೆಯ ಅಂಗಳದಲ್ಲಿ ನಿಂತಿತು? ಗೇಣಿ ಚೀಟಿ ಇದ್ದವರ ಅಂಗಳದಲ್ಲಿ. ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡಿದ ದಲಿತನ ಹತ್ತಿರ ಯಾವ ಚೀಟಿಯೂ ಇರಲಿಲ್ಲ. ಅವನು ಹೆಚ್ಚೆಂದರೆ ಕೂತ ಮನೆಯ ಜಾಗ ಪಡೆದ.

ಕಾರಿನ ವಿಷಯದಲ್ಲೂ ಇದೇ ಶ್ರೇಣಿ ಉಂಟು. ಯಜಮಾನನ ಕೆಳಗೆ ಡ್ರೈವರು. ಅವನಿಗೆ ಒಂದು ಟೋಪಿ, ಒಂದು ಲೈಸೆನ್ಸು, ಕೆಲವೊಮ್ಮೆ ಫೋಟೋದ ಮೂಲೆಯಲ್ಲಿ ಜಾಗ. ಡ್ರೈವರಿನ ಕೆಳಗೆ ಕ್ಲೀನರು. ಫೋಟೋ ತೆಗೆಯುವ ಮೊದಲು ಕಾರನ್ನು ಒರೆಸಿ ಆಚೆಗೆ ಸರಿದು ನಿಂತವನು. ಅವನ ಕೆಲಸ ಚೆನ್ನಾಗಿ ಆಯಿತೆಂದರೆ ಅವನ ಗುರುತೇ ಉಳಿಯಬಾರದು. ಕಾರಿನ ಮೇಲೆ ಅವನ ಬೆರಳಚ್ಚು ಸಹ ಇರಬಾರದು! ಗೇಣಿದಾರ ಡ್ರೈವರಿನಂತೆ, ಕೂಲಿಯವನು ಕ್ಲೀನರಿನಂತೆ. ಉಳುವವನೇ ಹೊಲದೊಡೆಯ ಎಂದ ಹಾಗೆ ತೊಳೆದವನೇ ಕಾರಿನೊಡೆಯ ಎನ್ನೋಣವೆ ಅಂತ ಗೆಳೆಯರು ತಮಾಷೆಗೆ ಕೇಳಬಹುದು. ಒಂದು ಹಳೇ ಕಾರಿನ ಪಾಲಿಗಾಗಿ ನಾವು ಜಗಳಕ್ಕೆ ನಿಂತಿಲ್ಲ. ನಮ್ಮ ವಾದ ಇಷ್ಟು. ಯಜಮಾನಿಕೆ ಎಂಬುದು ರಶೀದಿಯಲ್ಲಿ ಮುಗಿಯುವ ಸಂಗತಿಯಲ್ಲ. ಒಂದು ವಸ್ತುವಿನಲ್ಲಿ ಯಾರ ಆಯುಷ್ಯ ಸೇರಿದೆಯೋ ಅವರಿಗೆ ಅದರ ಮೇಲೆ ಒಂದು ಹಕ್ಕು ಉಂಟು. ಮಾರುವ ಹಕ್ಕು ಅಲ್ಲದಿದ್ದರೆ ಹೆಸರಿಸಿಕೊಳ್ಳುವ ಹಕ್ಕು.

ಚಕ್ರಕ್ಕೂ ಮಾನಕ್ಕೂ ಈ ದೇಶದಲ್ಲಿ ಹಳೆಯ ಜಗಳ. ತಿರುವಾಂಕೂರಿನಲ್ಲಿ 1893ರಲ್ಲಿ ಅಯ್ಯಂಕಾಳಿ ಎತ್ತಿನ ಗಾಡಿ ಕೊಂಡು, ಕೊರಳಗಂಟೆ ಕಟ್ಟಿ, ತಮಗೆ ನಿಷೇಧಿಸಿದ ರಸ್ತೆಯಲ್ಲಿ ಓಡಿಸಿದರು. ಅವರು ಗಾಡಿ ಕೊಂಡದ್ದು ಸಾಗಾಣಿಕೆಗಲ್ಲ, ರಸ್ತೆ ಯಾರದು ಅಂತ ಕೇಳುವುದಕ್ಕೆ. ಅಂಬೇಡ್ಕರರು ಹುಡುಗರಾಗಿದ್ದಾಗ ಮಸೂರು ರೈಲು ಸ್ಟೇಷನ್ನಿನಲ್ಲಿ ಯಾವ ಗಾಡಿಯವನೂ ಅವರನ್ನು ಹತ್ತಿಸಲಿಲ್ಲ. ಇಮ್ಮಡಿ ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯ ಯಜಮಾನ ಪಕ್ಕದಲ್ಲಿ ನಡೆದ. 1929ರಲ್ಲಿ, ವಿಲಾಯತಿಯ ಡಿಗ್ರಿಗಳನ್ನೆಲ್ಲ ಗಳಿಸಿ ಬಂದ ಮೇಲೆ, ಸರ್ಕಾರದ ಸಮಿತಿಯ ಸದಸ್ಯರಾಗಿ ಓಡಾಡುತ್ತಿದ್ದಾಗ ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಬೇಕಾದರೆ ಕೊಡುತ್ತೇವೆ, ಓಡಿಸುವುದು ಮಾತ್ರ ಸಾಧ್ಯವಿಲ್ಲ ಅಂದರು. ಓಡಿಸಿ ಗೊತ್ತಿಲ್ಲದ ಕೇರಿಯ ಮನುಷ್ಯನೇ ಲಗಾಮು ಹಿಡಿದ. ಮೋರಿಯ ಮೇಲೆ ಕುದುರೆ ಬೆದರಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಟಾಂಗಾ ಹೊಡೆಯುವ ಬಡವನೂ ಬ್ಯಾರಿಸ್ಟರಿಗಿಂತ ತಾನು ಮೇಲು ಅಂದುಕೊಳ್ಳುವ ದೇಶ ಇದು. ಇಲ್ಲಿ ಗಾಡಿ ಬರೀ ಗಾಡಿಯಾಗಿ ಇದ್ದದ್ದು ಯಾವಾಗ?

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಮಂಗಳೂರಿಗೆ ವಾಪಸು ಬರೋಣ. ಇಲ್ಲಿ ಕುದ್ಮುಲ್ ರಂಗರಾಯರು ಇದ್ದರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು, ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. 1928ರಲ್ಲಿ ತೀರಿಕೊಂಡಾಗ ತಮ್ಮ ಹೆಣಕ್ಕೆ ತೋಟಿಗಳ ಕೈಯಿಂದಲೇ ಸಂಸ್ಕಾರ ಆಗಬೇಕು ಅಂತ ಹೇಳಿಹೋಗಿದ್ದರು. ಮಂಗಳೂರಿನ ಪುರಭವನಕ್ಕೆ ಇವತ್ತು ಅವರ ಹೆಸರಿದೆ. 1934ರ ಫೆಬ್ರುವರಿಯಲ್ಲಿ ಗಾಂಧಿ ತಮ್ಮ ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬಂದಾಗ ಆ ಮಿಷನ್ನಿಗೂ ಹೋದರು. ಈ ಕೆಲಸದಲ್ಲಿ ರಂಗರಾಯರು ತಮಗೆ ಗುರು ಎಂಬ ಅರ್ಥದ ಮಾತಾಡಿದರೆಂದು ಊರು ಇಂದಿಗೂ ನೆನೆಯುತ್ತದೆ.

ಆ ರಂಗರಾಯರದ್ದು ಎಂದು ಒಂದು ಆಸೆ ಮಂಗಳೂರಿನಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ. ದಲಿತರ ಮಕ್ಕಳು ಓದಬೇಕು, ಸರ್ಕಾರಿ ಕೆಲಸಕ್ಕೆ ಸೇರಬೇಕು, ಅವರ ಕಾರು ನಮ್ಮ ರಸ್ತೆಗಳಲ್ಲಿ ಓಡಾಡಬೇಕು, ಅದು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ. ಕಾರು ಅಂದರೆ ದೊರೆಗಳೂ ದೊರೆಗಳಂಥವರೂ ಕೂರುವ ವಸ್ತುವಾಗಿದ್ದ ಕಾಲದ ಮಾತು ಇದು. ಮುರಕಲ್ಲಿನ ಕೆಂಪು ರಸ್ತೆ. ಕಾರು ಹೋದರೆ ನಡೆಯುವವರ ಮೈಯೆಲ್ಲ ಕೆಂಪು. ಅಲ್ಲಿಯವರೆಗೆ ಆ ಧೂಳು ತಿಂದದ್ದು ಯಾರು? ರಸ್ತೆ ಬದಿಯಲ್ಲಿ ತಲೆಹೊರೆ ಹೊತ್ತು ನಡೆದವರು. ಕಾರಿನೊಳಗೆ ಕೂರುವವರ ಜಾಗವನ್ನೂ ಧೂಳು ತಿನ್ನುವವರ ಜಾಗವನ್ನೂ ಅದಲುಬದಲು ಮಾಡಿದ ಆಸೆ ಇದು. ಮಂಗಳೂರಿನ ಕಾರುಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಮೊದಲನೆಯ ಪುಟದಲ್ಲಿ ಬರಬೇಕಾದ್ದು ಈ ಕಾರು. ಷೋರೂಮಿಗೆ ಇನ್ನೂ ಬಂದಿರದ, ಯಾವ ಯಜಮಾನನೂ ಇಲ್ಲದ, ಒಬ್ಬ ಮನುಷ್ಯನ ಆಸೆಯಲ್ಲಿ ಮಾತ್ರ ಓಡಿದ ಕಾರು.

ಆ ಆಸೆಯನ್ನು ಬರೀ ಹೊಗಳಿ ಕೈಮುಗಿದರೆ ಸಾಲದು. ಅದನ್ನೂ ಪ್ರಶ್ನಿಸಬೇಕು. ಮೀಸಲಾತಿ ಬಂತು, ಓದು ಬಂತು, ಕೆಲವರ ಮನೆಯ ಮುಂದೆ ಕಾರೂ ಬಂತು. ಧೂಳು ಎದ್ದಿತು. ಆದರೆ ಎದ್ದ ಧೂಳು ಬಿದ್ದದ್ದು ಯಾರ ತಲೆ ಮೇಲೆ? ರಸ್ತೆ ಬದಿಯಲ್ಲಿ ಇವತ್ತೂ ನಡೆಯುತ್ತಿರುವವರು ಬಹುಪಾಲು ನಮ್ಮ ಕೇರಿಯವರೇ. ಮಂಗಳೂರು ಪುರಸಭೆಯ ಕಕ್ಕಸು ಬಳಿಯುವ ಕೆಲಸಕ್ಕೆ ಕೊರಗರನ್ನೇ ಹಚ್ಚಿದ ಊರು ಇದು. ಕೊರಗರಿಗೆ ಎಂಜಲು ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ರಾಜ್ಯಕ್ಕೆ 2000ದ ಇಸವಿಯವರೆಗೆ ಕಾನೂನು ಬೇಕಾಯಿತು. ಆ ಜನರ ಪಕ್ಕದಿಂದ ನಮ್ಮವರ ಕಾರು ಹಾರನ್ ಹೊಡೆದು ಮುಂದೆ ಹೋದರೆ ರಂಗರಾಯರ ಆಸೆ ಪೂರೈಸಿದಂತಾಯಿತೆ? ಬಾಬಾಸಾಹೇಬರು 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ನೊಂದು ಹೇಳಿದ್ದು ಇದನ್ನೇ. ಓದಿದವರು ಸಮಾಜಕ್ಕೆ ಬೆನ್ನಾದಾರು ಅಂದುಕೊಂಡಿದ್ದೆ, ಅವರು ಬೆನ್ನು ತಿರುಗಿಸಿದರು ಎಂಬ ಅರ್ಥದ ಮಾತು.

ಹಾಗಂತ ದಲಿತನೊಬ್ಬ ಕಾರು ಕೊಂಡರೆ ಮೂಗು ಮುರಿಯುವವರ ಜೊತೆ ನಾವಿಲ್ಲ. ಮೇಲ್ಜಾತಿಯವನ ಮನೆಯ ಮುಂದೆ ನಾಲ್ಕು ಕಾರು ನಿಂತರೆ ಶ್ರಮದ ಫಲ, ನಮ್ಮವನ ಮನೆಯ ಮುಂದೆ ಒಂದು ನಿಂತರೆ ಸರ್ಕಾರದ ಭಿಕ್ಷೆ ಎನ್ನುವ ನಾಲಿಗೆಗಳನ್ನು ನಾವು ಬಲ್ಲೆವು. ಕಾರು ಬೇಕು. ಅದರಲ್ಲಿ ತಲೆಯೆತ್ತಿ ಕೂರಬೇಕು. ನಾವು ಕೇಳುವುದು ಬೇರೆ. ಹಳೇ ಯಜಮಾನ ಕಾರನ್ನು ತೊಳೆದವನನ್ನು ಮರೆತ. ಹೊಸ ಯಜಮಾನನೂ ಅದೇ ಮರೆವನ್ನು ಕಾರಿನ ಜೊತೆಗೆ ಕೊಂಡುತರಬೇಕೆ? ಯಜಮಾನ ಬದಲಾಗಿ ಯಜಮಾನಿಕೆ ಹಾಗೇ ಉಳಿದರೆ ಅದು ಹಳೇ ಕಾರಿಗೆ ಹೊಸ ಬಣ್ಣ ಹೊಡೆದ ಹಾಗೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಖಂಡಿತ ಹೋಗಿ. ಕಾರಿನ ಮುಂದೆ ನಿಲ್ಲಿಸಿ ಇಸವಿ ಹೇಳಿ, ಎಂಜಿನ್ನಿನ ಲೆಕ್ಕ ಹೇಳಿ, ಕೂತವರ ಹೆಸರೂ ಹೇಳಿ. ಆಮೇಲೆ ಆ ನಾಲ್ಕನೆಯ ಪ್ರಶ್ನೆ ಕೇಳಿ. ವಾಪಸು ಬಂದ ಮೇಲೆ ಪ್ರತಿ ಮಗುವೂ ತನ್ನ ಊರಿನ ಒಬ್ಬ ಟಿಂಕರ್, ಒಬ್ಬ ಲೇತಿನವ, ಒಬ್ಬ ಕ್ಲೀನರ್, ಒಬ್ಬ ಚರ್ಮದ ಕೆಲಸದವನ ಹತ್ತಿರ ಹೋಗಿ ಅವರ ಹೆಸರು, ಅವರಿಗೆ ಕೆಲಸ ಕಲಿಸಿದವರ ಹೆಸರು ಬರೆದುಕೊಂಡು ಬರಲಿ. ಹಳೇ ಕಾರು ಇಟ್ಟುಕೊಂಡವರಲ್ಲೂ ಒಂದು ಮಾತು. ಕಾರಿನ ಪಕ್ಕ ಇಡುವ ಫಲಕದಲ್ಲಿ ಯಜಮಾನರ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಬರೆಸಿ, ಇದನ್ನು ಉಳಿಸಿದ ಕೈಗಳು ಎಂದು. ಇದಕ್ಕೆ ಇಪ್ಪತ್ತು ಸಾವಿರದ ಶುಲ್ಕ ಬೇಡ. ಒಂದು ಹಲಗೆ, ಒಂದಿಷ್ಟು ಬಣ್ಣ, ಮತ್ತು ಹೋಗಿ ಕೇಳುವ ಮನಸ್ಸು ಸಾಕು. ಕೇಳುವುದಕ್ಕೆ ತಡಮಾಡಬಾರದು. ಆ ಕಸುಬಿನ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.